ಐವತ್ತರ ಹೊಸ್ತಿಲಲ್ಲಿ ದಂಪತಿಗಳ ನಡುವೆ ಸಾಮೀಪ್ಯ ಕುಗ್ಗಿದಾಗ

ಮದುವೆಯಾಗಿ ಎರಡು ದಶಕ ಕಳೆದ ಮೇಲೆ ಗಂಡ ಹೆಂಡಿರ ನಡುವೆ ಸಾಮೀಪ್ಯ ಕುಗ್ಗಿದರೆ, ಪ್ರೀತಿ ಬತ್ತಿತೆಂಬ ತೀರ್ಮಾನಕ್ಕೆ ಬರುವ ಮೊದಲು ಇಬ್ಬರೂ ವೈದ್ಯರನ್ನು ಕಾಣಬೇಕು. ಕಾರಣ ದೇಹದಲ್ಲಿದ್ದು ದೂರು ಮನಸ್ಸಿನ ಮೇಲೆ ಹೊರಿಸಿದರೆ ಮಾತುಕತೆಯೆಲ್ಲ ಜಗಳವಾಗುತ್ತದೆ.

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತೆನ್ನುತ್ತಾರೆ; ಆದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ನ ಏರುಪೇರು ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗಿ, ನಿದ್ದೆಗೇಡು, ಮೈ ಬಿಸಿಯೇರುವುದು, ಯೋನಿ ಒಣಗಿ ಕೂಡುವಾಗ ನೋವಾಗುವುದು ಕಾಣಿಸಿಕೊಳ್ಳಬಹುದು. ನೋವಿಗೆ ಹೆದರಿ ಹೆಂಡತಿ ಹಿಂಜರಿದರೆ ಗಂಡ ಅದನ್ನು ತಿರಸ್ಕಾರವೆಂದು ತಿಳಿಯುತ್ತಾನೆ. ಔಷಧದಂಗಡಿಯ ಲೂಬ್ರಿಕಂಟ್ ಜೆಲ್, ಅದು ಸಾಲದಿದ್ದರೆ ಸ್ತ್ರೀರೋಗ ತಜ್ಞರು ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್ ಎಷ್ಟೋ ಜನರಿಗೆ ನೆರವಾಗುತ್ತದೆ. ಗಂಡಸರ ನಿಮಿರು ದೌರ್ಬಲ್ಯದ ಹಿಂದೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರಬಹುದು, ಕೆಲವೊಮ್ಮೆ ಅದು ಹೃದ್ರೋಗದ ಮುನ್ಸೂಚನೆಯೂ ಹೌದು. ಬಿಪಿ ಮತ್ತು ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಆದರೆ ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರು ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರ) ನುಂಗಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ.

ತಪಾಸಣೆಯಾದ ಬಳಿಕ ಮನೆಯ ಏರ್ಪಾಡನ್ನು ನೋಡಿ. ಮಗು ಹುಟ್ಟಿದಾಗ ಬೇರೆಯಾದ ಹಾಸಿಗೆ, ಆ ಮಗು ಸಿಇಟಿ ಬರೆಯುವ ವಯಸ್ಸಿಗೆ ಬಂದರೂ ಬೇರೆಯಾಗಿಯೇ ಉಳಿದಿರುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆಯವರು ಕೆಮ್ಮುತ್ತಿರುವಾಗ ಚಿಲಕ ಹಾಕಲೂ ಸಂಕೋಚ. ಹಗಲಿಡೀ ಮಾತಾಡಿದರೂ ಅದು ಮನೆಸಾಲದ ಕಂತು, ಟ್ಯೂಷನ್ ಶುಲ್ಕ, ಅಪ್ಪನ ಆಪರೇಷನ್ನಿನ ಮಾತೇ ಆಗಿರುತ್ತದೆ. ಇದಕ್ಕೆ ರೆಸಾರ್ಟಿಗೆ ಹೋಗಿ ಬನ್ನಿ ಎಂದು ಸಲಹೆ ಕೊಡುವವರಿದ್ದಾರೆ; ಮಾತು ನಿಂತುಹೋದ ದಂಪತಿಗಳಿಗೆ ಅದು ದುಬಾರಿ ಮೌನವಷ್ಟೆ. ಅದಕ್ಕಿಂತ, ಮಲಗುವ ಕೋಣೆಯನ್ನು ಮರಳಿ ಪಡೆಯುವುದೂ, ಇಬ್ಬರೇ ಸಂಜೆ ನಡೆಯಲು ಹೊರಡುವುದೂ ಹೆಚ್ಚು ಫಲ ಕೊಡುತ್ತವೆ.

ಕಷ್ಟದ ಮಾತನ್ನು ಆ ನಡಿಗೆಯಲ್ಲೇ ಎತ್ತಿ. ಒಬ್ಬರು ಬೇಡವೆಂದ ರಾತ್ರಿ ಹಾಸಿಗೆಯ ಮೇಲೆ ಎತ್ತಬೇಡಿ. ಲೈಂಗಿಕ ಚಿಕಿತ್ಸಕರು ಸೂಚಿಸುವ ಒಂದು ಕ್ರಮವೆಂದರೆ, ಕೆಲವು ವಾರ ಸಂಭೋಗವನ್ನು ಬಿಟ್ಟು ಬರಿಯ ಸ್ಪರ್ಶಕ್ಕಷ್ಟೇ ಸಮಯ ಕೊಡುವುದು. ಮುಂದೇನಾದೀತೆಂಬ ಆತಂಕ ಇಲ್ಲದಿದ್ದಾಗ ಕೈ ಹಿಡಿಯುವುದು ಇಬ್ಬರಿಗೂ ಸುಲಭವಾಗುತ್ತದೆ.

ತಿಂಗಳುಗಟ್ಟಲೆ ಯತ್ನಿಸಿದರೂ ಬಿಗುವು ಸಡಿಲಿಸದಿದ್ದರೆ, ಅಥವಾ ಒಬ್ಬರಿಗೆ ಬದುಕೇ ಬೇಸರವಾಗಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬಲವಂತವೋ ಹೊಡೆತವೋ ಇರುವಲ್ಲಿ ಮಾತ್ರ ಮೇಲಿನ ಯಾವ ಸಲಹೆಯೂ ಸಲ್ಲದು; ಅಂಥ ಹೆಂಗಸರು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಬೇಕು.