ಬಸ್ ಬಗ್ಗಿಸಿದ ಮೇಲೆ ರಿಂಗ್ ಫಿಲ್ಟರ್ ಮಾತು ಕೇಳಿತು

ಆಯ್ದ ತರಂಗಾಂತರದ ಬೆಳಕನ್ನಷ್ಟೇ ಬೇರ್ಪಡಿಸುವ ಪುಟ್ಟ ಸಿಲಿಕಾನ್ ಉಂಗುರವೇ ರಿಂಗ್ ಫಿಲ್ಟರ್; ಅದರ ಪಕ್ಕದಲ್ಲಿ ಬೆಳಕನ್ನು ತರುವ, ಒಯ್ಯುವ ದಾರಿಯೇ ಬಸ್. ಮೂರನೇ ಸಲ ಮಾಡಿಸಿದ ಚಿಪ್ಪಿನಲ್ಲಿ ಡ್ರಾಪ್ ಪೋರ್ಟಿನ (ಆಯ್ದ ಬೆಳಕು ಹೊರಬರುವ ಬಾಯಿಯ) ಪೀಕ್ ಅಗಲ 0.4 ನ್ಯಾನೋಮೀಟರ್ ಹತ್ತಿರ ಬಂತು. ನನಗೆ ಬೇಕಿದ್ದದ್ದು ಅದೇ. "ಇಷ್ಟು ಚಿಕ್ಕ ರಿಂಗಿಗೆ ಬಸ್ ಸುತ್ತಿಸಬೇಡ, ಬೇರೆ ಮೋಡ್ (ಬೆಳಕು ಹರಿಯುವ ಇನ್ನೊಂದು ರೀತಿ) ಎದ್ದು ಎಲ್ಲಾ ಕೆಡುತ್ತೆ" ಎಂದವರು ಒಬ್ಬಿಬ್ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೇಫರ್ ಮಾಮೂಲಿನದೇ. 220 ನ್ಯಾನೋ ಸಿಲಿಕಾನ್, ಕೆಳಗೆ 2 ಮೈಕ್ರಾನ್ ಆಕ್ಸೈಡ್. ಬೆಳಕು ಹರಿಯುವ ಗೈಡ್ ಅಗಲ 450 ನ್ಯಾನೋ. ರಿಂಗಿನ ತ್ರಿಜ್ಯ 5 ಮೈಕ್ರಾನ್, ಎಫ್‌ಎಸ್‌ಆರ್ (ಒಂದು ಪೀಕಿನಿಂದ ಮುಂದಿನದಕ್ಕೆ ಇರುವ ದೂರ) ಸುಮಾರು 18 ನ್ಯಾನೋಮೀಟರ್. 0.4ರ ಪಾಸ್‌ಬ್ಯಾಂಡಿಗೆ ಎರಡೂ ಕಡೆ 7 ಪರ್ಸೆಂಟ್ ಆಸುಪಾಸು ಕಪ್ಲಿಂಗ್ ಬೇಕು, ಅಂದರೆ ಬಸ್ಸಿಗೂ ರಿಂಗಿಗೂ ನಡುವೆ ಅಷ್ಟು ಬೆಳಕು ದಾಟಬೇಕು. ನೇರ ಬಸ್ಸಿನಲ್ಲಿ ಅಷ್ಟು ಸಿಗಬೇಕಾದರೆ ಎರಡರ ನಡುವಿನ ಗ್ಯಾಪ್ 120 ನ್ಯಾನೋ ಹತ್ತಿರ ಇಳಿಯಬೇಕು. ತೊಂದರೆ ಶುರುವಾಗಿದ್ದೇ ಅಲ್ಲಿ.

ಮೊದಲ ಸಲ ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆಯುವ ಇ-ಬೀಮ್‌ನಲ್ಲಿ ಬರೆಸಿದೆ. ಗಂಟೆ ಲೆಕ್ಕದ ದುಡ್ಡು. ಡೋಸ್ ಟೆಸ್ಟ್ (ಕಿರಣ ಎಷ್ಟು ಬೇಕೆಂಬ ಪರೀಕ್ಷೆ) ಸೇರಿ ಒಂದೂವರೆ ಲಕ್ಷ ಕರಗಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸೆಮ್‌ನಲ್ಲಿ ನೋಡಿದರೆ 24 ರಿಂಗಿನಲ್ಲಿ ಹದಿನೈದಕ್ಕೆ ಗ್ಯಾಪೇ ಇಲ್ಲ! ರಿಂಗೂ ಬಸ್ಸೂ ಅಂಟಿಕೊಂಡು ನಡುವೆ ತೆಳು ಗೀರಷ್ಟೇ ಉಳಿದಿತ್ತು. ಆ ಚಿತ್ರ ಈಗಲೂ ನನ್ನ ಟೇಬಲ್ ಮೇಲಿದೆ.

ಎರಡನೇ ಸಲ ಹಲವರ ವಿನ್ಯಾಸ ಒಂದೇ ವೇಫರಿನಲ್ಲಿ ಮಾಡಿಕೊಡುವ ಶಟಲ್‌ನಲ್ಲಿ ಜಾಗ ತೆಗೆದುಕೊಂಡೆ. ಆರೇಳು ಲಕ್ಷ ಖರ್ಚು, ಎಂಟು ತಿಂಗಳು ಕಾಯುವುದು. ಅವರ ನಿಯಮದಲ್ಲಿ 180ಕ್ಕಿಂತ ಸಣ್ಣ ಗ್ಯಾಪ್ ಇಲ್ಲ. 200 ಇಟ್ಟೆ, ಬಸ್ ನೇರವಾಗೇ ಬಿಟ್ಟೆ. ಪೀಕ್ 0.1ಕ್ಕೆ ಕುಗ್ಗಿತು. ಸಾಲದ್ದಕ್ಕೆ ಎರಡಾಗಿ ಸೀಳಿತು. ಗೋಡೆಯ ಒರಟಿನಿಂದ ಬೆಳಕು ಹಿಂದಕ್ಕೆ ತಿರುಗುತ್ತೆ, ಅಲ್ವಾ? ಕಪ್ಲಿಂಗ್ ಕಡಿಮೆ ಇದ್ದಾಗ ಅದು ಎದ್ದು ಕಾಣುತ್ತೆ. ತರಂಗಾಂತರವೂ ಲೆಕ್ಕಕ್ಕಿಂತ 3 ನ್ಯಾನೋಮೀಟರ್ ಆಚೆ. ಗೈಡ್ ಅಗಲ 1 ನ್ಯಾನೋ ತಪ್ಪಿದರೆ ಪೀಕ್ ಹೆಚ್ಚುಕಡಿಮೆ 1 ನ್ಯಾನೋ ಸರಿಯುತ್ತೆ. ಅದನ್ನು ಸರಿಮಾಡಲು ರಿಂಗನ್ನು ಬಿಸಿ ಮಾಡುವ ಹೀಟರ್ ಬಿಟ್ಟು ದಾರಿಯಿಲ್ಲ.

ಆ ದಿನಗಳಲ್ಲಿ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಚಿಪ್ ಇಡುವ ಸ್ಟೇಜಿನ ತಾಪ ನಿಯಂತ್ರಣ ಆರಿಸಿ, ರಾತ್ರಿಯಿಡೀ ಲೇಸರ್ ಸ್ವೀಪ್ ಓಡಿಸಿದೆ. ಎಸಿ ಕಂಪ್ರೆಸರ್ ನಿಂತು ಕೋಣೆ ಬಿಸಿಯಾದಾಗ ಪೀಕ್ ಬಲಕ್ಕೆ (ಉದ್ದ ತರಂಗಾಂತರದ ಕಡೆ), ಶುರುವಾದಾಗ ಎಡಕ್ಕೆ ನಡೆಯಿತು. ಡಿಗ್ರಿಗೆ 70-80 ಪಿಕೋಮೀಟರ್. ಬೆಳಿಗ್ಗೆ ಗ್ರಾಫ್ ನೋಡಿದರೆ ಗರಗಸದ ಹಲ್ಲಿನ ಹಾಗಿತ್ತು. ತುಂಬಾ ಖುಷಿಯಾಯಿತು.

ಮೂರನೇ ಸಲ ಗ್ಯಾಪ್ 200ರಲ್ಲೇ ಇಟ್ಟು ಬಸ್ಸನ್ನು ರಿಂಗಿನ ಜೊತೆ ಬಗ್ಗಿಸಿದೆ. ಸುಮಾರು 35 ಡಿಗ್ರಿ ಸುತ್ತು. ಮುಖ್ಯ ವಿಷಯ ಅಗಲ. ಹೊರಗಿನ ಬಸ್ಸಿಗೆ ದಾರಿ ಉದ್ದ, ಹಾಗಾಗಿ ಅದು ರಿಂಗಿಗಿಂತ ಸಪೂರ ಇರಲೇಬೇಕು. ಎರಡೂ 450 ಇಟ್ಟರೆ ಎರಡರ ಬೆಳಕಿನ ಅಲೆಗಳ ಫೇಸ್ (ಹೆಜ್ಜೆ) ಹೊಂದದೆ, ಸುತ್ತು ಹೆಚ್ಚಿಸಿದಷ್ಟೂ ಕಪ್ಲಿಂಗ್ ಏರಿ ಇಳಿಯುತ್ತೆ. ಬಗ್ಗಿಸಿ ಸೋತವರಲ್ಲಿ ಜಾಸ್ತಿ ಜನ ಎಡವಿದ್ದು ಇಲ್ಲೇ ಅಂತ ನನ್ನ ನಂಬಿಕೆ. ನನ್ನ ಬಸ್ಸಿನ ಅಗಲ 400ಕ್ಕಿಂತ ಕಡಿಮೆ. ಸರಿಯಾದ ಅಂಕಿ, ಮತ್ತೆ ನೇರದಿಂದ ಬಾಗಿಗೆ ತಿರುಗುವ ಜಾಗದ ಆಕಾರ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂಬತ್ತು ಚಿಪ್ ಅಳೆದೆ. ಎಂಟರಲ್ಲಿ ಪೀಕ್ ಸೀಳಿಲ್ಲ, ಡ್ರಾಪ್ ನಷ್ಟ 1 ಡೆಸಿಬೆಲ್ (ಡಿಬಿ) ಒಳಗೆ. ಬೇರೆ ಮೋಡಿನ ಸುಳಿವೇ ಇಲ್ಲ. 1.6 ನ್ಯಾನೋಮೀಟರ್ ದೂರದ ಪಕ್ಕದ ಚಾನೆಲ್‌ನ ಬೆಳಕು 18 ಡಿಬಿ ಕೆಳಗಿದೆ. ಈ ಪೀಕ್ ಅಗಲಕ್ಕೆ ಒಂದೇ ರಿಂಗಿನಿಂದ ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮುಂದಿನ ಶಟಲ್‌ಗೆ ಎರಡು ರಿಂಗ್ ಜೋಡಿಸಿದ ಮಾಸ್ಕ್ (ಚಿಪ್ಪಿನ ವಿನ್ಯಾಸದ ನಕ್ಷೆ) ಹೋದ ವಾರ ಕಳಿಸಿದ್ದೇನೆ.