ಹಳೇ ರಟ್ಟಿನ ಪೆಟ್ಟಿಗೆಯಿಂದ ಒಂದು ದೀಪ

ರಟ್ಟಿನ ಪೆಟ್ಟಿಗೆಯ ಒಂದು ತುಂಡು ಕತ್ತರಿಸಿ, ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದ, ಅದರ ಸಂದಿಯಲ್ಲಿ ಸಣ್ಣ ಸಣ್ಣ ಕೊಳವೆಗಳು. ಪ್ರತಿಯೊಂದರಲ್ಲೂ ಒಂದು ಬೆಳಕಿನ ಚುಕ್ಕಿ. ಇದರಿಂದ ದೀಪ ಮಾಡಬೇಕು ಅಂತ ನನಗೆ ಅನಿಸಿದ್ದು ಅದನ್ನು ನೋಡಿದಾಗಲೇ.

ರಟ್ಟನ್ನು ಬಳೆಗಳಂತೆ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿದರೆ ದೀಪ. ಲೆಕ್ಕ ಸುಲಭ. ನನ್ನ ರಟ್ಟು 4 ಮಿಲಿಮೀಟರ್ ದಪ್ಪ ಇತ್ತು. ಹತ್ತಿರ ಹತ್ತಿರ 25 ಸೆಂಟಿಮೀಟರ್ ಎತ್ತರಕ್ಕೆ 62 ಬಳೆಗಳು ಬೇಕು. ಕಂಪ್ಯೂಟರಿನಲ್ಲಿ ಮಡಕೆಯ ಆಕಾರ ಬಿಡಿಸಿ, ಅದನ್ನು ಅಡ್ಡಡ್ಡ ಹೋಳು ಮಾಡಿದೆ. ಒಂದೊಂದು ಬಳೆಗೂ ನಂಬರ್ ಕೊಟ್ಟು ಲೇಸರ್ ಕಟರ್‌ನಲ್ಲಿ ಕತ್ತರಿಸಿದೆ. ರಟ್ಟು ಬೇಗ ಹೊತ್ತಿಕೊಳ್ಳುತ್ತದೆ, ಅದಕ್ಕೇ ಮೆಷಿನ್ ಓಡುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದೆ. ಪ್ಲಾಸ್ಟಿಕ್ ಹೊದಿಕೆಯಿರುವ ರಟ್ಟನ್ನು ಮಾತ್ರ ಲೇಸರಿಗೆ ಕೊಡಲೇಬೇಡಿ. ಅದು ಪಿವಿಸಿ ಆಗಿದ್ದರೆ ಬರುವ ಹೊಗೆ ವಿಷ.

ಮೊದಲ ದೀಪ ಅಂಟಿಸಿ ಸ್ವಿಚ್ ಹಾಕಿದಾಗ ತುಂಬಾ ಬೇಜಾರಾಯಿತು. ಮುಂದೆ, ಹಿಂದೆ ಚೆಂದದ ಬೆಳಕು. ಎಡಬಲ ಪೂರ್ತಿ ಕತ್ತಲು. ಎಲ್ಲ ಬಳೆಗಳ ಕೊಳವೆಗಳೂ ಒಂದೇ ದಿಕ್ಕಿಗಿದ್ದವು! ಬೆಳಕು ಕೊಳವೆ ಇರುವ ಕಡೆಗೆ ತಾನೇ ಹೋಗೋದು, ಅಲ್ವಾ?

ಎರಡನೇ ಸಲ ಪ್ರತಿ ಬಳೆಯಲ್ಲೂ ಸಮ ಅಂತರದಲ್ಲಿ ಮೂರು ತೂತು ಇಟ್ಟೆ, ಬಿದಿರು ಕಡ್ಡಿ ತೂರಿಸಲು. ಕಡ್ಡಿ 3 ಮಿಲಿಮೀಟರ್. ತೂತು ಬಿಡಿಸಿದ್ದು 2.8ಕ್ಕೆ, ಯಾಕಂದ್ರೆ ಲೇಸರ್ ತಾನೂ ಒಂದಿಷ್ಟು ಸುಟ್ಟು ತೂತನ್ನು ದೊಡ್ಡದು ಮಾಡುತ್ತದೆ. ಬಳೆಗಳನ್ನು ಪೋಣಿಸುವಾಗ ಪ್ರತಿಯೊಂದನ್ನೂ ಒಂದು ತೂತು ಮುಂದಕ್ಕೆ ತಿರುಗಿಸಿದೆ. ಅಷ್ಟಕ್ಕೇ ಕೊಳವೆಗಳು ಮೂರು ದಿಕ್ಕಿಗೆ ಹಂಚಿಹೋದವು, ಬೆಳಕು ಆರು ಕಡೆಗೆ ಹೊರಬಂತು.

ಅಂಟು ಹಚ್ಚೋದು ಪೂರ್ತಿ ಕೈಕೆಲಸ. ಬಿಳಿ ಅಂಟು ಜಾಸ್ತಿಯಾದರೆ ರಟ್ಟು ನೆನೆದು ಸೊಟ್ಟಗಾಗುತ್ತದೆ. ನಾನು ಬೆರಳ ತುದಿಯಿಂದ ಚುಕ್ಕಿ ಚುಕ್ಕಿಯಾಗಿ ಹಚ್ಚಿದೆ. ಹತ್ತು ಬಳೆಗೊಮ್ಮೆ ಮೇಲೊಂದು ಭಾರದ ಪುಸ್ತಕ ಇಟ್ಟು ಒಣಗಲು ಬಿಟ್ಟೆ. ಲೇಸರಿನ ಮಸಿ ಅಂಚಿಗೆ ಹತ್ತಿತ್ತು. ಅದನ್ನು ತೆಗೆಯಲು ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದೆ. ಪುಡಿ ಕೊಳವೆಯ ಬಾಯಿಗೆ ತುಂಬಿದರೆ ಅದು ಮುಚ್ಚಿಹೋಗುತ್ತದೆ.

ಒಳಗೆ ಹಾಕಿದ್ದು ಸಣ್ಣ ಎಲ್‌ಇಡಿ ಬಲ್ಬ್. ಹಳೇ ತಂತಿ ಬಲ್ಬ್ ಬೇಡವೇ ಬೇಡ, ಅದರ ಬಿಸಿ ರಟ್ಟಿಗೆ ಅಪಾಯ. ಕೋಣೆಯ ಲೈಟ್ ಆರಿಸಿ ದೀಪದ ಸುತ್ತ ನಿಧಾನವಾಗಿ ನಡೆದೆ. ಒಂದು ಸಾಲು ಆರುತ್ತಿದ್ದಂತೆ ಅದರ ಮೇಲಿನ ಸಾಲು ಹೊತ್ತಿಕೊಳ್ಳುತ್ತಿತ್ತು. ಮೂರು ಸುತ್ತು ಹಾಕಿದೆ.