ಬಟವಾಡೆಯ ಪಕ್ಕದಲ್ಲಿ ಶಾಲೆಯ ಮೇಜು

ಶನಿವಾರ ಕಾಫಿ ಎಸ್ಟೇಟಿನಲ್ಲಿ ಕೂಲಿಯ ಬಟವಾಡೆ ನಡೆಯುವ ಕಡೆಯೇ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಕಾಗದಪತ್ರ ಮಾಡಿಸಿಕೊಡಲು ಶಾಲೆಯ ಮೇಜು ಹಾಕುತ್ತೇನೆ ಎಂದಾಗ ನಮ್ಮ ಕ್ಲಸ್ಟರಿನ ಸುತ್ತಲ ಶಾಲೆಗಳಲ್ಲಿ ನಕ್ಕವರೇ ಹೆಚ್ಚು. ದೊರೆಗಳು ಗೇಟಿನೊಳಗೆ ಬಿಡುವುದಿಲ್ಲ ಎಂದರು. ಕೂಲಿ ಎಣಿಸಿಕೊಳ್ಳುವ ಹೊತ್ತಿನಲ್ಲಿ ನಿಮ್ಮ ಅರ್ಜಿ ಯಾರಿಗೆ ಬೇಕು ಎಂದರು. ಈಗ ಅವರಲ್ಲೇ ಎರಡು ಮೂರು ಶಾಲೆಯವರು ನಾನು ಮನೆಗೊಂದರಂತೆ ತುಂಬುವ ಹಾಳೆಯ ನಮೂನೆಯನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಆದ್ದರಿಂದ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಅರವತ್ತರ ಆಸುಪಾಸು ಮಕ್ಕಳು, ಮುಕ್ಕಾಲು ಪಾಲು ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವವರು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬರುತ್ತದೆ. ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕ ನೋಡಲು ಮನಸ್ಸಾಗುವುದಿಲ್ಲ. ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ, ದೊಡ್ಡ ಹುಡುಗ ಉದುರಿದ ಹಣ್ಣು ಹೆಕ್ಕಲು ಹೋಗುತ್ತಾನೆ. ವಿದ್ಯಾರ್ಥಿವೇತನ ಬರಬೇಕಾದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದಲ್ಲ ಒಂದು ಕಾಗದ ಇರುತ್ತಿರಲಿಲ್ಲ.

ಮೊದಲು ಎಲ್ಲರಂತೆ ನಾವೂ ಪೋಷಕರ ಸಭೆ ಕರೆದೆವು. ಉಪ್ಪಿಟ್ಟು, ಕಾಫಿ ಮಾಡಿಸಿದ ಖರ್ಚು ಎಂಟುನೂರು, ಬಂದ ತಾಯಂದಿರು ನಾಲ್ಕೋ ಐದೋ. ಒಂದು ದಿನದ ಕೂಲಿ ಬಿಟ್ಟು ಉಪ್ಪಿಟ್ಟಿಗೆ ಯಾರು ಬರುತ್ತಾರೆ? ಆಮೇಲೆ ಜೀಪು ಬಾಡಿಗೆಗೆ ಹಿಡಿದು ಹೆಂಗಸರನ್ನು ಪೇಟೆಗೆ ಕರೆದುಕೊಂಡು ಹೋದೆವು. ಒಮ್ಮೆ ಸರ್ವರ್ ಇಲ್ಲ, ಇನ್ನೊಮ್ಮೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಜೀಪಿಗೆ ಸಾವಿರದ ಇನ್ನೂರು, ಹೋದವರಿಗೆಲ್ಲ ಒಂದೊಂದು ದಿನದ ಕೂಲಿ ಖೋತಾ. ಆ ವರ್ಷ ಆರು ಏಳು ಸಾವಿರ ಹೀಗೇ ಕರಗಿತು. ಕೈಗೆ ಬಂದದ್ದು ಮೂರು ಆದಾಯ ಪ್ರಮಾಣಪತ್ರ.

ಬೆರಳಚ್ಚಿನ ಕಷ್ಟ ತೋಟದ ಸೀಮೆಯವರಿಗೆ ಗೊತ್ತು. ತಾಯಿ ಯಂತ್ರದ ಮೇಲೆ ಹೆಬ್ಬೆರಳಿಡುತ್ತಾಳೆ, ಕೆಂಪು ದೀಪ. ಸೆರಗಿನಲ್ಲಿ ಒರೆಸಿ ಮತ್ತೆ ಇಡುತ್ತಾಳೆ, ಮತ್ತೆ ಕೆಂಪು. ಹಣ್ಣು ಕಿತ್ತು, ಕಳೆ ಕಿತ್ತು ಬೆರಳಿನ ಗೆರೆಯೇ ಸವೆದಿರುತ್ತದೆ. ಎಡಗೈಯ ಉಂಗುರದ ಬೆರಳು ಹಲವರಿಗೆ ಸರಿಹೋಗುತ್ತದೆ, ಮೊದಲು ಅದನ್ನೇ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ನಮ್ಮ ಅಂಚೆಯಣ್ಣ ಬೆರಳಿಗೆ ಏನೋ ಸವರುತ್ತಾರೆ. ಏನೆಂದು ಬರೆಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಶನಿವಾರ ನಮಗೆ ಬೆಳಗಿನ ಶಾಲೆ, ತೋಟದಲ್ಲಿ ಮಧ್ಯಾಹ್ನದ ಮೇಲೆ ಬಟವಾಡೆ. ಈ ಎರಡು ಸಂಗತಿ ಜೋಡಿಸಲು ನನಗೆ ವರ್ಷಗಳೇ ಹಿಡಿದವು. ತೋಟದ ಲೆಕ್ಕ ಬರೆಯುವ ರೈಟರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಹೇಳಲಾರೆ. ದೊರೆಗಳ ಹತ್ತಿರ ಮೊದಲು ಹೋಗಬೇಡಿ ಎಂದಷ್ಟೇ ಹೇಳುತ್ತೇನೆ. ಮೇಜಿನಲ್ಲಿ ನಾನು, ಅಂಚೆಯಣ್ಣ, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆಯಾದ ಮೇಸ್ತ್ರಿಯ ಹೆಂಡತಿ. ಆ ಹೆಣ್ಣುಮಗಳು ಇಲ್ಲದಿದ್ದರೆ ನನ್ನ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಶುರುವಿನ ವಾರಗಳಲ್ಲಿ ಮೇಜನ್ನು ಸಾಲಿನ ಮುಂದುಗಡೆ ಹಾಕಿದ್ದೆವು, ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರ ತಲೆಯಲ್ಲೂ ಎಷ್ಟು ಕಿಲೋ, ಎಷ್ಟು ಮುಂಗಡ ಹಿಡಿದಿದ್ದಾರೆ ಎಂಬ ಲೆಕ್ಕ. ಮೇಜನ್ನು ರೈಟರಿನ ಮೇಜಿನಿಂದ ಹತ್ತು ಹೆಜ್ಜೆ ಆಚೆಗೆ ಎಳೆದ ಮೇಲೆ ಕೆಲಸ ಕುದುರಿತು. ಹಣ ಕೈಗೆ ಬಂದ ಗಂಡಸರು ನೇರ ಪೇಟೆಯ ದಾರಿ ಹಿಡಿಯುತ್ತಾರೆ, ಹೆಂಗಸರು ನಿಲ್ಲುತ್ತಾರೆ. ನಮಗೆ ಬೇಕಾದವರು ಅವರೇ.

ಒಂದು ಮನೆಗೆ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ. ಅರ್ಜಿ ತುಂಬುವ ಮೊದಲು ಹೆಸರು ಸರಿಮಾಡಿಸಿ, ಉಳಿದದ್ದೆಲ್ಲ ಆಮೇಲೆ. ಇಲಾಖೆಯ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಹುಲಿಗೆಮ್ಮ, ಆಧಾರಿನಲ್ಲಿ ಹುಲಿಗಮ್ಮ ಎಂದಿದ್ದರೆ ವಿದ್ಯಾರ್ಥಿವೇತನದ ಪೋರ್ಟಲ್ ಎಸ್‌ಎಸ್‌ಪಿ ಮುಂದೆ ನೀವು ಎಷ್ಟು ಕೂತರೂ ಪ್ರಯೋಜನವಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳಿಗೆ ಅಂಚೆಯಣ್ಣನೇ ಖಾತೆ ತೆರೆದುಕೊಡುತ್ತಾರೆ. ಹಳೆಯ ಖಾತೆ ಇದೆಯೇ ಎಂದು ಕೇಳುವುದನ್ನು ಬಿಡಬೇಡಿ. ಐದನೇ ತರಗತಿಯ ಹುಡುಗನೊಬ್ಬನ ಹಣ ಜಮೆಯಾಗಿದೆ ಎಂದು ಪೋರ್ಟಲ್ ಹೇಳುತ್ತಿತ್ತು, ಪಾಸ್‌ಪುಸ್ತಕದಲ್ಲಿ ಸೊನ್ನೆ. ಒಂದು ಬ್ಯಾಂಕ್ ಶಾಖೆಯವರು ನಮ್ಮನ್ನು ಎರಡು ತಿಂಗಳು ಅಲೆದಾಡಿಸಿದರು. ಕೊನೆಗೆ ನೋಡಿದರೆ ಕೊಪ್ಪಳದ ಕಡೆ ಹಿಂದಿನ ಶಾಲೆಯವರು ತೆರೆಸಿದ್ದ ಖಾತೆಗೇ ಆಧಾರ್ ಜೋಡಣೆ ಇತ್ತು, ಹಣ ಅಲ್ಲಿ ತಣ್ಣಗೆ ಕೂತಿತ್ತು.

ಹೀಗೆ ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರ ಜಾತಿ ಪ್ರಮಾಣಪತ್ರ ಮೂಲ ಊರಿನಿಂದಲೇ ಆಗಬೇಕು. ಅದಕ್ಕಾಗಿ ಆ ಊರಿನ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡುತ್ತೇನೆ. ಸ್ಯಾಟ್ಸ್ ಸಂಖ್ಯೆ ಹುಡುಕಲು ಹೇಗೂ ಮಾತಾಡಲೇಬೇಕು, ಅದರ ಜೊತೆಗೆ ಇದನ್ನೂ ಹೇಳುತ್ತೇನೆ. ಇಲ್ಲ ಎಂದವರು ಕಡಿಮೆ. ಒಬ್ಬರಿಗೆ ವರ್ಷಕ್ಕೊಮ್ಮೆ ಎರಡು ಕಿಲೋ ಕಾಫಿಪುಡಿ ಹೋಗುತ್ತದೆ, ಅದು ನನ್ನ ಸ್ವಂತ ಖರ್ಚು.

ಅಸ್ಸಾಮಿನಿಂದ ಕೂಲಿಗೆ ಬಂದ ಮನೆಗಳಿಗೆ ಈ ದಾರಿ ನಡೆಯುವುದಿಲ್ಲ. ಅವರಿಗೆ ಕಾಗದದ ಹಿಂದೆ ಬೀಳುವುದನ್ನು ಬಿಟ್ಟು ಮಕ್ಕಳನ್ನು ಸೇರಿಸಿಕೊಂಡೆ. ವರ್ಗಾವಣೆ ಪತ್ರವಿಲ್ಲ, ವಯಸ್ಸಿನ ದಾಖಲೆಯಿಲ್ಲ ಎಂದು ದಾಖಲಾತಿ ನಿಲ್ಲಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಊಟ, ಹಾಲು, ಪುಸ್ತಕ ಸಿಕ್ಕಿದರೆ ಅವರಿಗೆ ಅರ್ಧ ಭಾರ ಇಳಿದಂತೆ.

ಖರ್ಚು ಈಗ ವರ್ಷಕ್ಕೆ ಇಪ್ಪತ್ತು ಸಾವಿರದ ಆಚೀಚೆ. ಪೆಟ್ರೋಲಿಗೆ ಐದು, ಫೋಟೊ ಮತ್ತು ಜೆರಾಕ್ಸಿಗೆ ನಾಲ್ಕು, ಉಳಿದದ್ದು ಚಪ್ಪಲಿ, ಸ್ವೆಟರ್, ಆಸ್ಪತ್ರೆ ಓಡಾಟಕ್ಕೆ. ಒಬ್ಬ ಬೆಳೆಗಾರರು ಹತ್ತು ಸಾವಿರ ಕೊಡುತ್ತಾರೆ. ಹೆಸರು ಹಾಕಬಾರದು, ಫೋಟೊ ತೆಗೆಯಬಾರದು ಎಂಬುದು ಅವರ ಷರತ್ತು. ಐನೂರು ಕೊಟ್ಟು ಫ್ಲೆಕ್ಸ್ ಕೇಳಿದವರೂ ಇದ್ದಾರೆ. ಮೊದಲ ವರ್ಷದ ಎಂಟು ಸಾವಿರ ನನ್ನ ಸಂಬಳದ್ದು. ಮನೆಯಲ್ಲಿ ಹೇಳಿಲ್ಲ, ಇದನ್ನು ಓದಿ ತಿಳಿದುಕೊಳ್ಳಲಿ.

ನಡುವೆ ಇನ್ನೂ ಕೆಲವು ಪ್ರಯೋಗ ಮಾಡಿದೆ. ಛತ್ರಿ ಬ್ಯಾಂಕ್ ಎಂದು ಇಪ್ಪತ್ತು ಛತ್ರಿಗಳಿಗೆ ನಂಬರ್ ಬರೆಸಿದೆ. ಆಗಸ್ಟಿಗೆ ಉಳಿದದ್ದು ಆರು, ಅದರಲ್ಲೂ ಎರಡಕ್ಕೆ ಕಡ್ಡಿಯಿಲ್ಲ. ಈಗ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಹೊಲಿಸಿಟ್ಟಿದ್ದೇವೆ, ಒಂದಕ್ಕೆ ನಲವತ್ತು ರೂಪಾಯಿ. ಬಿಸಿಯೂಟದ ಕೋಣೆಯ ಹೊರಗೋಡೆಗೆ ತಂತಿ ಕಟ್ಟಿದ್ದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ನೆನೆದು ಬಂದವರ ಅಂಗಿ ಮಧ್ಯಾಹ್ನದೊಳಗೆ ಒಣಗುತ್ತದೆ, ಅಲ್ಲಿಯವರೆಗೆ ಬೀರುವಿನ ಹಳೆಯ ಸಮವಸ್ತ್ರ. ಕ್ಷೀರಭಾಗ್ಯದ ಹಾಲನ್ನು ವಿರಾಮದ ಬದಲು ಪ್ರಾರ್ಥನೆಗೂ ಮೊದಲೇ ಕೊಟ್ಟು ನೋಡಿದೆ. ತಾಯಂದಿರು ಏಳೂವರೆಗೇ ತೋಟಕ್ಕೆ ಹೋಗುವುದರಿಂದ ಖಾಲಿ ಹೊಟ್ಟೆಯಲ್ಲಿ ಬರುವವರೇ ಬಹಳ. ತಡವಾಗಿ ಬರುವವರು ಒಂದೇ ತಿಂಗಳಲ್ಲಿ ಅರ್ಧಕ್ಕೆ ಇಳಿದರು. ಅಡುಗೆಯವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಮೊದಲು ಹತ್ತು ಹನ್ನೆರಡು ಮಕ್ಕಳಿಗೆ ಬರುತ್ತಿದ್ದ ವಿದ್ಯಾರ್ಥಿವೇತನ ಕಳೆದ ಸಲ ಮೂವತ್ತೈದರ ಹತ್ತಿರ ಬಂತು. ಕೊಯ್ಲಿನ ಕಾಲದ ಹಾಜರಿ ಅರ್ಧದಿಂದ ಮುಕ್ಕಾಲಿಗೆ ಏರಿದೆ. ತಮ್ಮ ತಂಗಿಯರನ್ನು ಕರೆದುಕೊಂಡು ಬಂದರೂ ಸರಿ ಎಂದು ಹುಡುಗಿಯರಿಗೆ ಹೇಳಿದ್ದರ ಪಾಲೂ ಅದರಲ್ಲಿದೆ. ಚಿಕ್ಕ ತರಗತಿಗಳ ನಲಿಕಲಿ ಕೋಣೆಯ ಮೂಲೆಯಲ್ಲಿ ಈಗ ಯಾವಾಗಲೂ ಒಂದೆರಡು ಕೂಸುಗಳು ಚಾಪೆಯ ಮೇಲೆ ಮಲಗಿರುತ್ತವೆ. ತಪಾಸಣೆಗೆ ಬಂದವರು ಕೇಳಿದರೆ ಉತ್ತರ ಸಿದ್ಧವಿದೆ.

ನಮೂನೆ ಬೇಕಾದವರು ಸೆಪ್ಟೆಂಬರಿನೊಳಗೆ ಬಂದು ತೆಗೆದುಕೊಂಡು ಹೋಗಿ. ಹಣ್ಣು ಕೆಂಪಾದ ಮೇಲೆ ಶನಿವಾರ ಮಧ್ಯಾಹ್ನಗಳಲ್ಲಿ ನಾನು ಶಾಲೆಯಲ್ಲಿ ಸಿಗುವುದಿಲ್ಲ.